ಅಂಪೈರ್ ನೋಡಿರಲಿಲ್ಲ, ಮಗಳೇ ಕೈ ಎತ್ತಿಬಿಟ್ಟಳು. ಸರಿನಾ, ತಪ್ಪಾ?

ಕಬ್ಬಿನ_ಗದ್ದೆ
ನಮಸ್ಕಾರ ಎಲ್ಲರಿಗೂ. ನಮ್ಮದು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿ. ಮಗಳು ಒಂಬತ್ತನೇ ಕ್ಲಾಸು. ಕಬಡ್ಡಿ ಆಡುತ್ತಾಳೆ, ಎಡಗಡೆ ಕಾರ್ನರ್. ಹೋದ ವಾರ ಪಕ್ಕದೂರಿನ ಮಾರಮ್ಮನ ಹಬ್ಬಕ್ಕೆ ಹೊನಲು ಬೆಳಕಿನ ಪಂದ್ಯಾವಳಿ ಇಟ್ಟಿದ್ದರು. ಹೆಣ್ಣುಮಕ್ಕಳಿಗೂ ಒಂದು ವಿಭಾಗ ಇತ್ತು.

ಆಟಕ್ಕೆ ಮುಂಚೆ ಕೋಚ್ ಎಲ್ಲ ಹುಡುಗಿಯರನ್ನೂ ಗುಡಿ ಮುಂದೆ ನಿಲ್ಲಿಸಿ ಕಾಯಿ ಒಡೆಸಿದರು. ಹಣೆಗೆ ಕುಂಕುಮ, ಮಿಡ್‌ಲೈನ್ ಮೇಲೆ ಕರ್ಪೂರ. ಫೈನಲ್‌ನಲ್ಲಿ ಕೊನೆಯ ರೈಡ್, ಸ್ಕೋರ್ ಸಮ. ಎದುರಾಳಿ ಹುಡುಗಿ ಕಾಲು ಬೀಸಿದಳು. ಹೆಬ್ಬೆರಳು ನನ್ನ ಮಗಳ ಮೊಣಕಾಲ ಕೆಳಗೆ ಸವರಿಕೊಂಡು ಹೋಯಿತು. ಆ ಹುಡುಗಿ ವಾಪಸ್ ಹೋಗಿ 'ಟಚ್' ಎಂದು ಕೂಗಿದಳು. ಅಂಪೈರ್ ಇಲ್ಲ ಎಂದರು. ಜನ ಎರಡೂ ಕಡೆ ಬೊಬ್ಬೆ. ಅಷ್ಟರಲ್ಲಿ ನನ್ನ ಮಗಳು ಕೈ ಎತ್ತಿ, ತಲೆ ಬಗ್ಗಿಸಿಕೊಂಡು ಹೊರಗೆ ನಡೆದಳು. ಅಂಪೈರ್ ಪಾಯಿಂಟ್ ಕೊಟ್ಟರು. ಒಂದು ಪಾಯಿಂಟಿನಲ್ಲಿ ಸೋತರು.

ಕೋಚ್ ಎಲ್ಲರ ಮುಂದೆ ಬೈದರು. "ಯಾವನಾದ್ರೂ ಕೇಳಿದ್ನೇನವ್ವ ನಿನ್ನ? ಹರಕೆ ಕಟ್ಕೊಂಡು ಬಂದಿದ್ದೀವಿ, ಅದನ್ನ ಅವರ ಮಡಿಲಿಗೆ ಹಾಕ್ಬುಟ್ಟೆ" ಎಂದರು. ಮುಂದಿನ ಟೂರ್ನಮೆಂಟಿಗೆ ಕರೆದುಕೊಂಡು ಹೋಗಲ್ಲ ಎನ್ನುತ್ತಿದ್ದಾರೆ. ಜೊತೆಯವರು ಮಾತು ಬಿಟ್ಟಿದ್ದಾರೆ. ನಮ್ಮವ್ವ "ಅಮ್ಮನ ಮುಂದೆ ಸುಳ್ಳಾಡಲಿಲ್ಲ, ಸಾಕು" ಎನ್ನುತ್ತಾಳೆ. ನನ್ನ ಹೆಂಡತಿ "ಸುಳ್ಳು ಹೇಳು ಎಂದವರು ಯಾರು, ಸುಮ್ನೆ ನಿಂತಿದ್ದರೆ ಆಗುತ್ತಿತ್ತು" ಎನ್ನುತ್ತಾಳೆ. ಮಗಳು ನನ್ನ ಮುಖ ನೋಡುತ್ತಾಳೆ. ನಾನು ಏನು ಹೇಳಲಿ?

ಅಗ್ರಹಾರ_ಸರ್ಕಲ್
ಏನೂ ಹೇಳಬೇಡಿ. ಮೈಸೂರಿಗೆ ಕರೆದುಕೊಂಡು ಬಂದು ಒಂದು ಮಸಾಲೆ ದೋಸೆ ಕೊಡಿಸಿ.

ಪಿಟಿ_ಮೇಷ್ಟ್ರು
ನಿವೃತ್ತ ದೈಹಿಕ ಶಿಕ್ಷಕ ನಾನು. ಮೊದಲು ಒಂದು ವಿಷಯ ಸ್ಪಷ್ಟ ಮಾಡಿ. ಅವಳು ಹೊರಗೆ ನಡೆದಿದ್ದು ರೈಡ್ ಮುಗಿದ ಮೇಲೋ, ಮುಗಿಯುವುದಕ್ಕೆ ಮುಂಚೆಯೋ? ಆಟ ನಡೆಯುತ್ತಿರುವಾಗ ಗೆರೆ ದಾಟಿದರೆ ಟಚ್ ಆಗಿರಲಿ ಬಿಡಲಿ, ಔಟೇ. ಹಾಗಾಗಿದ್ದರೆ ಪಾಯಿಂಟ್ ಹೋಗಿದ್ದು ಸತ್ಯ ಹೇಳಿದ್ದಕ್ಕಲ್ಲ, ಗೆರೆ ದಾಟಿದ್ದಕ್ಕೆ.

ಇನ್ನು ನಿಯಮದ ಮಾತು. ಆಟಗಾರ ತಾನೇ ಒಪ್ಪಿಕೊಳ್ಳಬೇಕು ಎಂದು ಕಬಡ್ಡಿಯಲ್ಲಿ ಎಲ್ಲೂ ಇಲ್ಲ. ಅಂಪೈರ್, ರೆಫರಿ ಹೇಳಿದ್ದೇ ಅಂತಿಮ.

ಕಬ್ಬಿನ_ಗದ್ದೆ
ಮೇಷ್ಟ್ರೇ, ರೈಡ್ ಮುಗಿದಿತ್ತು. ಆ ಹುಡುಗಿ ಮಿಡ್‌ಲೈನ್ ದಾಟಿ ತನ್ನ ಕಡೆ ನಿಂತಿದ್ದಳು. ಅಂಪೈರ್ ಮಗಳನ್ನು "ತಗುಲಿತಾ?" ಎಂದು ಕೇಳಿದರು. ಅವಳು ಹೂಂ ಎಂದಳು. ಆಮೇಲೆ ಪಾಯಿಂಟ್ ಕೊಟ್ಟಿದ್ದು.

ಪಿಟಿ_ಮೇಷ್ಟ್ರು
ಹಾಗಾದರೆ ಕೋಚ್ ಹೇಳಿದ್ದು ಸುಳ್ಳಾಯಿತಲ್ಲ. 'ಯಾವನಾದ್ರೂ ಕೇಳಿದ್ನಾ' ಎಂದರೆ, ಅಂಪೈರೇ ಕೇಳಿದ್ದಾರೆ! ಕೇಳಿದ ಮೇಲೆ ಇಲ್ಲ ಎನ್ನುವುದು ಬರೀ ಸುಮ್ಮನಿರುವುದಲ್ಲ.

ಒಂಟಿಕೊಪ್ಪಲ್_ಹುಡುಗ
ಇದನ್ನು ಓದಿದ ತಕ್ಷಣ ನೆನಪಾಗಿದ್ದು ನಮ್ಮ ಜಿ.ಆರ್. ವಿಶ್ವನಾಥ್. 1980ರ ಫೆಬ್ರವರಿ, ಬಾಂಬೆಯ ಸುವರ್ಣ ಮಹೋತ್ಸವ ಟೆಸ್ಟ್, ಇಂಗ್ಲೆಂಡ್ ವಿರುದ್ಧ. ಐದು ವಿಕೆಟ್ ಬಿದ್ದು ಇಂಗ್ಲೆಂಡ್ ತತ್ತರಿಸುತ್ತಿತ್ತು. ಬಾಬ್ ಟೇಲರ್‌ಗೆ ಅಂಪೈರ್ ಕಾಟ್ ಬಿಹೈಂಡ್ ಔಟ್ ಕೊಟ್ಟರು. ಬ್ಯಾಟ್‌ಗೆ ಚೆಂಡು ತಗುಲಿಲ್ಲ ಎಂದು ಸ್ಲಿಪ್‌ನಲ್ಲಿದ್ದ ವಿಶಿಗೆ ಅನ್ನಿಸಿತು. ಅವರೇ ಕ್ಯಾಪ್ಟನ್. ಅಂಪೈರ್ ಹತ್ತಿರ ಹೋಗಿ ಮಾತಾಡಿ ಟೇಲರ್‌ನನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು. ಬೋಥಮ್ ಶತಕ ಹೊಡೆದು 13 ವಿಕೆಟ್ ಕೂಡ ತೆಗೆದ. ನಾವು 10 ವಿಕೆಟ್‌ನಲ್ಲಿ ಸೋತೆವು. ಈಗ ಆ ಟೆಸ್ಟ್ ಎಂದರೆ ಜನಕ್ಕೆ ನೆನಪಿರುವುದು ಎರಡೇ, ಬೋಥಮ್‌ನ ಆಟ, ವಿಶಿ ಕರೆದಿದ್ದು.

ನಿಮ್ಮ ಮಗಳಿಗೆ ಈ ಕಥೆ ಹೇಳಿ ಸರ್.

ನೇರ_ಮಾತು
ಹೇಳಿ ಹೇಳಿ. 2013ರಲ್ಲಿ ಟ್ರೆಂಟ್‌ಬ್ರಿಡ್ಜ್ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಸ್ಟುವರ್ಟ್ ಬ್ರಾಡ್ ಎಡ್ಜ್ ಮಾಡಿ ಚೆಂಡು ಸ್ಲಿಪ್‌ಗೆ ಹೋದರೂ ಕಲ್ಲಿನ ಹಾಗೆ ನಿಂತಿದ್ದ. ಅಂಪೈರ್ ಔಟ್ ಕೊಡಲಿಲ್ಲ, ಅದನ್ನು ಪ್ರಶ್ನಿಸಲು ಆಸ್ಟ್ರೇಲಿಯಾ ಹತ್ತಿರ ರಿವ್ಯೂ ಉಳಿದಿರಲಿಲ್ಲ. ಇಂಗ್ಲೆಂಡ್ 14 ರನ್‌ನಲ್ಲಿ ಗೆದ್ದಿತು. ಆ ಕಥೆಯನ್ನೂ ಹೇಳಿ. ಎರಡೂ ಕೇಳಿಕೊಂಡು ಮಗು ತಾನೇ ನಿರ್ಧಾರ ಮಾಡಲಿ.

ಒಂಟಿಕೊಪ್ಪಲ್_ಹುಡುಗ
@ನೇರ_ಮಾತು 2003ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಶ್ರೀಲಂಕಾ ವಿರುದ್ಧ ಗಿಲ್‌ಕ್ರಿಸ್ಟ್ ಅಂಪೈರ್ ನಾಟ್‌ಔಟ್ ಎಂದರೂ ನಡೆದು ಹೋಗಿದ್ದ. ಆಸ್ಟ್ರೇಲಿಯಾ ಆ ಮ್ಯಾಚೂ ಗೆದ್ದಿತು, ಕಪ್ಪೂ ಗೆದ್ದಿತು. ಸತ್ಯ ಹೇಳಿದವರೆಲ್ಲ ಸೋಲಲೇಬೇಕು ಎಂದೇನಿಲ್ಲ.

ನೇರ_ಮಾತು
ಗಿಲ್‌ಕ್ರಿಸ್ಟ್ ಹಿಂದೆ ಪಾಂಟಿಂಗ್ ಇದ್ದ, ಹೇಡನ್ ಇದ್ದ. ಈ ಹುಡುಗಿ ಹಿಂದೆ ಯಾರಿದ್ದರು? ಕೊನೇ ರೈಡ್ ಅದು.

ಪ್ರಶ್ನೆ_ಮಾಡು
ನನ್ನ ಪ್ರಶ್ನೆ ಬೇರೆ. ಎರಡೂ ಟೀಮ್ ಅದೇ ಗುಡಿಯಲ್ಲಿ ಕಾಯಿ ಒಡೆದಿರುತ್ತವೆ ಅಲ್ವಾ? ಮಾರಮ್ಮ ಯಾರ ಪರ? ಗೆದ್ದರೆ ದೇವರು ಕೊಟ್ಟಳು, ಸೋತರೆ ಒಂಬತ್ತನೇ ಕ್ಲಾಸಿನ ಹುಡುಗಿ ಕಳೆದಳು. ಚೆನ್ನಾಗಿದೆ ಲೆಕ್ಕ.

ದೇವರನ್ನು ಗುಡಿಯಲ್ಲೇ ಬಿಟ್ಟು ಬಂದರೆ ಆಟಕ್ಕೂ ಒಳ್ಳೇದು, ದೇವರಿಗೂ ಒಳ್ಳೇದು.

ಸಾವಿರ_ಮೆಟ್ಟಿಲು
@ಪ್ರಶ್ನೆ_ಮಾಡು ಸರ್, ಅಷ್ಟು ಸಲೀಸಾಗಿ ತೀರ್ಪು ಕೊಡಬೇಡಿ. ನಾನು ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವಳು. ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಟ್ಟುಕೊಂಡು ಹೋಗುತ್ತೇವೆ. ಬಗ್ಗಿ ಬಗ್ಗಿ ನಂದಿ ಹತ್ತಿರ ಬರುವಷ್ಟರಲ್ಲಿ ಸೊಂಟ ನಮ್ಮದಲ್ಲ ಅನ್ನಿಸಿರುತ್ತೆ. ಆ ಹೊತ್ತಿಗೆ ಏನು ಬೇಡಿಕೊಳ್ಳಲು ಬಂದೆ ಅನ್ನುವುದೇ ಮರೆತಿರುತ್ತೆ. ಮೇಲೆ ಹೋಗಿ ಸುಮ್ನೆ ಕೈ ಮುಗಿದು ಬರುತ್ತೇನೆ.

ಬೇಡುವುದು ಬೇರೆ, ವ್ಯಾಪಾರ ಮಾಡುವುದು ಬೇರೆ. ಆ ಕೋಚ್ ಮಾಡಿದ್ದು ವ್ಯಾಪಾರ. ಕಾಯಿ ಒಡೆದೆ, ಕಪ್ ಕೊಡು. ಆ ಮಗುವಿಗೆ ಅಮ್ಮ ನೋಡುತ್ತಿದ್ದಾಳೆ ಎಂದು ನಿಜವಾಗಿ ಅನ್ನಿಸಿದೆ. ಅಲ್ಲಿದ್ದವರಲ್ಲಿ ಭಕ್ತಿ ಇದ್ದಿದ್ದು ಅವಳೊಬ್ಬಳಿಗೇ ಇರಬೇಕು.

ಪ್ರಶ್ನೆ_ಮಾಡು
ಮೇಡಂ, ಭಕ್ತಿ ಇಲ್ಲದಿದ್ದರೂ ಅವಳು ಕೈ ಎತ್ತುತ್ತಿದ್ದಳು ಎಂದುಕೊಳ್ಳೋಣವಾ? ನಾನು ದೇವರನ್ನು ನಂಬುವುದಿಲ್ಲ, ಆದರೂ ಚಿಲ್ಲರೆ ಜಾಸ್ತಿ ಕೊಟ್ಟರೆ ವಾಪಸ್ ಕೊಡುತ್ತೇನೆ.

ಸಾವಿರ_ಮೆಟ್ಟಿಲು
ಕೊಡಿ, ಬೇಡ ಎಂದವರು ಯಾರು. ನಿಮಗೆ ಬೇರೆ ಕಾರಣ, ಅವಳಿಗೆ ಬೇರೆ ಕಾರಣ. ಅವಳ ಕಾರಣ ನಿಮಗೆ ಹಿಡಿಸಲಿಲ್ಲ ಎಂದು ಅದನ್ನು ತೆಗೆದುಬಿಡಿ ಅನ್ನುವುದು ಯಾವ ನ್ಯಾಯ?

ಮಾಜಿ_ರೈಡರ್
ಎಲ್ಲರೂ ಹುಡುಗಿಯನ್ನು ಹೊಗಳುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೈಯಬೇಡಿ.

ನಾನು ಕಾಲೇಜಿನವರೆಗೂ ಕಬಡ್ಡಿ ಆಡಿದವಳು. ನಮ್ಮ ಕಡೆ ಹೆಣ್ಣುಮಕ್ಕಳ ಟೀಮ್ ಹೇಗಿರುತ್ತೆ ಗೊತ್ತಾ? ಏಳು ಜನರಲ್ಲಿ ನಾಲ್ಕು ಜನರ ಮನೆಯಲ್ಲಿ 'ಗಂಡುಬೀರಿ ಆಟ' ಎಂದು ಬೈಗುಳ. ಗೆದ್ದ ದುಡ್ಡು ಮನೆಗೆ ಬಂದರೆ ಆ ಬೈಗುಳ ಒಂದಷ್ಟು ದಿನ ನಿಲ್ಲುತ್ತೆ. ಮುಂದಿನ ಪಂದ್ಯಕ್ಕೆ ಕಳಿಸುತ್ತಾರೆ. ಸೋತರೆ "ಸಾಕು ಬಿಡು, ಮನೇಲಿರು." ಆ ಒಂದು ಪಾಯಿಂಟ್ ನಿಮ್ಮ ಮಗಳೊಬ್ಬಳದ್ದಲ್ಲ ಸರ್. ಸತ್ಯ ಅವಳದ್ದು, ಸೋಲು ಏಳು ಜನರದ್ದು. ಬೇರೆಯವರ ಗಂಟಿನಿಂದ ದಾನ ಮಾಡಬಹುದಾ?

ಹಾಗಂತ ಅವಳು ತಪ್ಪು ಮಾಡಿದಳು ಎನ್ನುತ್ತಿಲ್ಲ. ಅಂಪೈರ್ ಮುಖ ನೋಡಿ ಕೇಳಿದಾಗ ನಾನಾಗಿದ್ದರೆ ಏನು ಮಾಡುತ್ತಿದ್ದೆನೋ. ಜೊತೆಯ ಹುಡುಗಿಯರು ಮಾತು ಬಿಟ್ಟಿದ್ದಾರೆ ಎಂದಿರಲ್ಲ, ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವರ ಸಂಕಟವೂ ನಿಜದ್ದೇ.

ಒಂಟಿಕೊಪ್ಪಲ್_ಹುಡುಗ
ಒಳ್ಳೆ ಪಾಯಿಂಟ್. ವಿಶಿ ಕ್ಯಾಪ್ಟನ್ ಆಗಿದ್ದರು, ಟೀಮ್ ಪರವಾಗಿ ನಿರ್ಧಾರ ಮಾಡುವ ಅಧಿಕಾರ ಇತ್ತು. ಇಲ್ಲಿ ಹಾಗಿಲ್ಲ.

ಗರಡಿ_ಮಣ್ಣು
@ಮಾಜಿ_ರೈಡರ್ ಅಕ್ಕ, ನಿಮ್ಮ ಮಾತು ಮನಸ್ಸಿಗೆ ಬಂತು. ಆದರೆ ದಾನ ಎಂದಿದ್ದು ಸರಿ ಇಲ್ಲ. ದಾನ ಮಾಡಬೇಕಾದರೆ ಮೊದಲು ಅದು ನಮ್ಮದಾಗಿರಬೇಕು. ಟಚ್ ಆದ ಮೇಲೆ ಆ ಪಾಯಿಂಟ್ ಎದುರಾಳಿಯದ್ದು. ಏಳು ಜನ ಸೇರಿ ಇಟ್ಟುಕೊಂಡರೂ ಅದು ಅವರದ್ದಾಗಲ್ಲ.

ನಾನು ಮೈಸೂರಿನ ಗರಡಿಯಲ್ಲಿ ಸಾಮು ಮಾಡಿ ಬೆಳೆದವನು. ಗರಡಿ ಒಳಗೆ ಹೋಗಬೇಕಾದರೆ ಚಪ್ಪಲಿ ಆಚೆ. ಮೊದಲು ಹನುಮಂತನಿಗೆ ಕೈ ಮುಗಿಯಬೇಕು, ಆಮೇಲೆ ಮಟ್ಟಿ, ಅಂದರೆ ಕುಸ್ತಿ ಆಡುವ ಮಣ್ಣು, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿರುತ್ತಾರೆ. ಬೆಳಗ್ಗೆ ಗುದ್ದಲಿ ಹಿಡಿದು ಅದನ್ನು ಅಗೆದು ಸಡಿಲ ಮಾಡುವುದೇ ಹೊಸ ಹುಡುಗರ ಮೊದಲ ಪಾಠ. ಕೈಯಲ್ಲಿ ಬೊಬ್ಬೆ ಏಳುತ್ತೆ, ಉಸ್ತಾದ್ ತಿರುಗಿಯೂ ನೋಡಲ್ಲ. ಸಣ್ಣ ಕಲ್ಲು ಸಿಕ್ಕಿದರೆ ಆರಿಸಿ ಆಚೆ ಎಸೆಯಬೇಕು, ಯಾಕೆಂದರೆ ಅಲ್ಲಿ ಬೀಳುವ ಬೆನ್ನು ನಿನ್ನದೂ ಆಗಬಹುದು, ನಿನ್ನ ಎದುರಾಳಿಯದ್ದೂ ಆಗಬಹುದು. ನನಗೆ ಧರ್ಮ ಗಿರ್ಮ ಎಂದು ಯಾರೂ ಪಾಠ ಹೇಳಲಿಲ್ಲ. ಆ ಕಲ್ಲು ಆರಿಸಿದ್ದಷ್ಟೇ.

ಇನ್ನು ಅಡ್ಜಸ್ಟ್‌ಮೆಂಟ್ ಕುಸ್ತಿ ಇಲ್ವಾ ಎಂದು ಕೇಳುತ್ತೀರಿ. ಇದೆ. ಊರ ಹಬ್ಬದ ಕುಸ್ತಿಯಲ್ಲಿ ಇಬ್ಬರೂ ಒಳಗೊಳಗೇ ಮಾತಾಡಿಕೊಂಡು ಸಮ ಮಾಡಿಸಿ, ದುಡ್ಡು ಹಂಚಿಕೊಂಡು ಹೋಗುವುದನ್ನು ನೋಡಿದ್ದೇನೆ. ಅವರೂ ಮಟ್ಟಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಇಳಿದಿರುತ್ತಾರೆ. ಸುತ್ತ ಕೂತ ಮುದುಕರಿಗೆ ಗೊತ್ತಾಗಿಬಿಡುತ್ತೆ. ಶಿಳ್ಳೆ ನಿಲ್ಲುತ್ತೆ. ಆ ಪೈಲ್ವಾನನ ಹೆಸರು ಕುಸ್ತಿಗೆ ಜೋಡಿ ಕಟ್ಟುವವರ ಬಾಯಲ್ಲಿ ಆಮೇಲೆ ಬರಲ್ಲ.

ಉಸ್ತಾದ್_ಮೊಮ್ಮಗ
ಗರಡಿ ಎಂದಿದ್ದಕ್ಕೆ ಬಂದೆ. ನಮ್ಮ ಅಜ್ಜ ಪೈಲ್ವಾನ್ ಆಗಿದ್ದರು. ಐದು ಹೊತ್ತು ನಮಾಜ್ ಬಿಟ್ಟವರಲ್ಲ. ಮಟ್ಟಿಗೆ ಇಳಿಯುವಾಗ ಮಣ್ಣು ಮುಟ್ಟಿ ಎದೆಗೆ ಇಟ್ಟುಕೊಳ್ಳುತ್ತಿದ್ದರು. ಯಾರೋ ಒಬ್ಬರು "ಇದು ಸರಿನಾ?" ಎಂದು ಕೇಳಿದಾಗ "ಮಣ್ಣಿಂದ ಬಂದವನು ಮಣ್ಣಿಗೇ ಹೋಗೋನು, ಮುಟ್ಟಿದರೆ ಏನು ಕಷ್ಟ" ಎಂದು ನಕ್ಕಿದ್ದರಂತೆ. ರಂಜಾನ್‌ನಲ್ಲಿ ಸಾಮು ಬಿಡುತ್ತಿರಲಿಲ್ಲ, ಹೊತ್ತು ಬದಲಾಯಿಸುತ್ತಿದ್ದರು. ಇಫ್ತಾರ್ ಆದ ಮೇಲೆ ಗರಡಿ ಬೀಗ ಅವರಿಗಾಗಿ ತೆಗೆದಿರುತ್ತಿತ್ತು. ತೆಗೆದಿಡುತ್ತಿದ್ದವರು ಹನುಮಂತನಿಗೆ ಪೂಜೆ ಮಾಡುತ್ತಿದ್ದ ಯಜಮಾನರೇ.

ದಸರಾ ಕುಸ್ತಿ ನೋಡಲು ಈಗಲೂ ಹೋಗುತ್ತೇನೆ. ದೇವರಾಜ ಅರಸು ಕ್ರೀಡಾಂಗಣದಲ್ಲಿ ಜನ ಪೈಲ್ವಾನನ ಹೆಸರಿಗಿಂತ ಮೊದಲು ಯಾವ ಗರಡಿ ಎಂದು ಕೇಳುತ್ತಾರೆ.

ನೇರ_ಮಾತು
ಅದೆಲ್ಲ ಆ ಕಾಲ. ಈಗ ಎಲ್ಲದರಲ್ಲೂ ಜಾತಿ, ಧರ್ಮ ತಂದು ಹಾಕುತ್ತಾರೆ.

ಉಸ್ತಾದ್_ಮೊಮ್ಮಗ
ತರುವವರು ತರುತ್ತಾರೆ ಅಣ್ಣ. ಕ್ರಿಕೆಟಿಗ ಹಶೀಮ್ ಆಮ್ಲಾ ತನ್ನ ಧರ್ಮದ ಕಾರಣಕ್ಕೆ ದಕ್ಷಿಣ ಆಫ್ರಿಕಾ ಶರ್ಟ್ ಮೇಲೆ ಬಿಯರ್ ಕಂಪನಿಯ ಲೋಗೋ ಬೇಡ ಎಂದ. ಬೋರ್ಡ್ ಒಪ್ಪಿತು. ಪಕ್ಕದಲ್ಲೇ ಲೋಗೋ ಹಾಕಿಕೊಂಡವರು ಆಡಿದರು. ಯಾರಿಗೂ ಏನೂ ಆಗಲಿಲ್ಲ. 311 ಹೊಡೆದಾಗ ಎಲ್ಲರೂ ಒಟ್ಟಿಗೇ ಚಪ್ಪಾಳೆ ಹೊಡೆದರು.

ಪಿಟಿ_ಮೇಷ್ಟ್ರು
ಅದೇ ಸಾಲಿನಲ್ಲಿ ಎರಿಕ್ ಲಿಡೆಲ್ ಹೇಳಬೇಕು. 1924ರ ಪ್ಯಾರಿಸ್ ಒಲಿಂಪಿಕ್ಸ್. 100 ಮೀಟರ್ ಹೀಟ್ಸ್ ಭಾನುವಾರ ಬಂತು. ಭಾನುವಾರ ದೇವರ ದಿನ, ಓಡುವುದಿಲ್ಲ ಎಂದ. 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ. ಇದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ.

ಪ್ರಶ್ನೆ_ಮಾಡು
ಮೇಷ್ಟ್ರೇ, ಪೂರ್ತಿ ಹೇಳಿ. ತ್ರಿಪಲ್ ಜಂಪ್‌ನ ಜೊನಾಥನ್ ಎಡ್ವರ್ಡ್ಸ್ ಕೂಡ ಭಾನುವಾರ ಆಡಲ್ಲ ಎಂದು 1991ರ ವಿಶ್ವ ಚಾಂಪಿಯನ್‌ಷಿಪ್ ಬಿಟ್ಟಿದ್ದ. ಆಮೇಲೆ ಮನಸ್ಸು ಬದಲಾಯಿಸಿ ಭಾನುವಾರವೂ ಆಡಿದ. 1995ರಲ್ಲಿ 18.29 ಮೀಟರ್ ಹಾರಿ ವಿಶ್ವದಾಖಲೆ ಮಾಡಿದ. ನಿವೃತ್ತಿ ಆದ ಮೇಲೆ ದೇವರ ಮೇಲಿನ ನಂಬಿಕೆಯನ್ನೇ ಬಿಟ್ಟೆ ಎಂದ. ಇದನ್ನೂ ಮಕ್ಕಳಿಗೆ ಹೇಳಬೇಕಲ್ಲ.

ಪಿಟಿ_ಮೇಷ್ಟ್ರು
ಹೇಳೋಣ. ಮಕ್ಕಳು ನಿಮಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ಅಗ್ರಹಾರ_ಸರ್ಕಲ್
ಆಟ ಬಿಡಿ, ರಸ್ತೆ ನೋಡಿ. ಗಣಪತಿ ಗುಡಿ ಮುಂದೆ ಬೈಕ್ ನಿಧಾನ ಮಾಡಿ, ಹ್ಯಾಂಡಲ್ ಬಿಟ್ಟು, ಎದೆ ಮುಟ್ಟಿ ಮುತ್ತು ಕೊಡುತ್ತಾರೆ. ಅಲ್ಲಿಂದ ನೂರು ಗಜ ಮುಂದೆ ಸಿಗ್ನಲ್ ಕೆಂಪು, ನುಗ್ಗಿಬಿಡುತ್ತಾರೆ. ಹೊಸ ಗಾಡಿಗೆ ನಿಂಬೆಹಣ್ಣು ಇಟ್ಟು ಹತ್ತಿಸುವುದು ಗೊತ್ತು, ಹೆಲ್ಮೆಟ್ ಬಕಲ್ ಹಾಕುವುದು ಗೊತ್ತಿಲ್ಲ. ಆಯುಧಪೂಜೆ ಮಾರನೇ ದಿನ ರಸ್ತೆ ತುಂಬ ಒಡೆದ ಬೂದುಗುಂಬಳ. ಅದರ ಮೇಲೆ ಜಾರಿ ಬಿದ್ದವನಿಗೆ ಯಾವ ದೃಷ್ಟಿ ತೆಗೆಯಬೇಕು?

ನೇರ_ಮಾತು
ಹ್ಹಹ್ಹ. ಇದು ಮಾತ್ರ ನಿಜ.

ಆಲೆಮನೆ
ಮಂಡ್ಯದವನು ನಾನೂ. ನಮ್ಮ ಕಸುಬಿನ ಕಥೆ ಹೇಳಲಾ? ಆಲೆಮನೆಯಲ್ಲಿ ಮೊದಲ ಬೆಲ್ಲ ದೇವರಿಗೆ. ಕೊಪ್ಪರಿಗೆಗೆ ಪೂಜೆ, ಒಲೆಗೆ ಪೂಜೆ. ಆಮೇಲೆ? ಗಿರಾಕಿಗೆ ಹಳದಿ ಬಣ್ಣದ ಬೆಲ್ಲ ಬೇಕು. ಕಬ್ಬಿನ ಹಾಲು ತನ್ನಷ್ಟಕ್ಕೆ ಕುದಿದರೆ ಬೆಲ್ಲ ಕೆಂಚಗೆ, ಕಪ್ಪಗೆ ಬರುತ್ತೆ. ಅದಕ್ಕೆ ಹೈಡ್ರೋಸ್ ಎಂಬ ಬಿಳಿ ಪುಡಿ ಹಾಕುತ್ತಾರೆ. ಹಾಕಿದ ಕೂಡಲೇ ಬಂಗಾರದ ಬಣ್ಣ. ಕೆಲವರು ಸಕ್ಕರೆಯನ್ನೂ ಸುರಿಯುತ್ತಾರೆ. ಹಿಂದೆ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರು. ನೊರೆ ಜೊತೆ ಕಸ ಮೇಲೆ ಬರುತ್ತಿತ್ತು, ಜರಡಿಯಲ್ಲಿ ಎತ್ತಿ ಆಚೆ ಹಾಕುವುದು. ಅದು ನಿಧಾನ, ಕೂಲಿ ಜಾಸ್ತಿ.

ನಾನು ಪುಡಿ ಬಿಟ್ಟೆ. ಮೊದಲ ಸಲ ಮಾರ್ಕೆಟ್‌ಗೆ ತೆಗೆದುಕೊಂಡು ಹೋದಾಗ ದಲ್ಲಾಳಿ ಒಂದು ಅಚ್ಚು ಮುರಿದು, ಬಣ್ಣ ನೋಡಿ, "ಇದೇನು ಯಜಮಾನ್ರೇ, ಸೀದೋಗದಾ?" ಎಂದ. ರೇಟು ಇಳಿಸಿದ. ಈ ಮಗು ಕೈ ಎತ್ತಿದ್ದೂ, ನಾನು ಕಪ್ಪು ಬೆಲ್ಲ ಹೊತ್ತು ನಿಂತಿದ್ದೂ ಒಂದೇ ಅನ್ನಿಸಿತು, ಅದಕ್ಕೇ ಬರೆದೆ.

ಅಗ್ರಹಾರ_ಸರ್ಕಲ್
ಈಗ ಕಪ್ಪು ಬೆಲ್ಲಕ್ಕೆ ಮೈಸೂರಿನಲ್ಲಿ ಜಾಸ್ತಿ ರೇಟು ಅಲ್ವಾ? ಆರ್ಗ್ಯಾನಿಕ್ ಎಂದು ಮಾರುತ್ತಾರೆ.

ಆಲೆಮನೆ
ಹೌದು. ಈಗ ಕೆಲವರು ಬಿಳೀ ಬೆಲ್ಲಕ್ಕೆ ಬಣ್ಣ ಹಾಕಿ ಕಪ್ಪು ಮಾಡಿದರೂ ಆಶ್ಚರ್ಯ ಇಲ್ಲ!

ಕ್ರಿಕೆಟ್_ಅಪ್ಪ
ಬೈಯುವ ಕೋಚ್‌ಗಳ ಬಗ್ಗೆ ಒಂದು ಮಾತು. ನನ್ನ ಮಗ ಕಿರಿಯರ ಕ್ರಿಕೆಟ್ ಆಡುತ್ತಾನೆ. ಅಲ್ಲಿ ದೊಡ್ಡ ಮೋಸ ವಯಸ್ಸಿನದ್ದು. ಹದಿನಾಲ್ಕರ ಒಳಗಿನ ಟೀಮಿನಲ್ಲಿ ಒಬ್ಬ ಹುಡುಗ ಗಡ್ಡ ಕೆರೆದುಕೊಂಡು ಬಂದಿದ್ದ, ಗಲ್ಲದ ಮೇಲೆ ಬ್ಲೇಡ್ ಗಾಯ ಇನ್ನೂ ಹಸಿಯಾಗಿತ್ತು. ಅವನ ಅಪ್ಪ ಹಣೆ ತುಂಬ ವಿಭೂತಿ. ಪ್ರತಿ ಮ್ಯಾಚಿಗೆ ಮುಂಚೆ ಬ್ಯಾಟ್‌ಗೆ ಆರತಿ. ರಾಹುಲ್ ದ್ರಾವಿಡ್ 2015ರಲ್ಲಿ ಪಟೌಡಿ ಉಪನ್ಯಾಸದಲ್ಲಿ ಈ ವಯಸ್ಸಿನ ಕಳ್ಳತನವನ್ನೇ ಎತ್ತಿದ್ದರು. ಅಪ್ಪ, ಕೋಚ್ ಸುಳ್ಳು ಹೇಳುವುದನ್ನು ನೋಡುತ್ತಾ ಬೆಳೆದ ಹುಡುಗ ಏನು ಕಲಿಯುತ್ತಾನೆ ಎನ್ನುವುದು ಅವರ ಪ್ರಶ್ನೆ. ಬಿಸಿಸಿಐ ಈಗ ಮೂಳೆ ಪರೀಕ್ಷೆ ಮಾಡಿಸುತ್ತೆ, ಮಣಿಕಟ್ಟಿನ ಎಕ್ಸ್‌ರೇ ತೆಗೆದು.

ಕಬ್ಬಿನ_ಗದ್ದೆ ಅವರೇ, ನಿಮ್ಮ ಕೋಚ್ ಟೀಮಿನಲ್ಲಿ ಎಲ್ಲರೂ ವಯಸ್ಸಿನ ಒಳಗೇ ಇದ್ದಾರಾ?

ಕಬ್ಬಿನ_ಗದ್ದೆ
ಅದನ್ನು ಇಲ್ಲಿ ಬರೆಯುವುದು ಬೇಡ ಸರ್.

ಕ್ರಿಕೆಟ್_ಅಪ್ಪ
ಅರ್ಥ ಆಯಿತು.

ನೇರ_ಮಾತು
ದ್ರಾವಿಡ್ ಎಂದಾಗ ಎಲ್ಲರೂ ಕೈ ಮುಗಿಯುತ್ತೀರಿ. 2004ರಲ್ಲಿ ಬ್ರಿಸ್ಬೇನ್‌ನಲ್ಲಿ ಜಿಂಬಾಬ್ವೆ ವಿರುದ್ಧ ಚೆಂಡಿಗೆ ಪೆಪ್ಪರ್‌ಮಿಂಟ್ ಎಂಜಲು ಹಚ್ಚಿದ್ದಕ್ಕೆ ಅವರಿಗೂ ಮ್ಯಾಚ್ ಫೀಸಿನ ಅರ್ಧ ದಂಡ ಬಿದ್ದಿತ್ತು.

ಕ್ರಿಕೆಟ್_ಅಪ್ಪ
ಬಿದ್ದಿತ್ತು. ಅದಕ್ಕೆ? ದಂಡ ಬಿದ್ದವನು ವಯಸ್ಸಿನ ಕಳ್ಳತನದ ಬಗ್ಗೆ ಮಾತಾಡಬಾರದಾ?

ಒಂಟಿಕೊಪ್ಪಲ್_ಹುಡುಗ
ನಮ್ಮ ಮೈಸೂರಿನ ಶ್ರೀನಾಥ್ ವಿಷಯ ಯಾರೂ ಎತ್ತಲಿಲ್ಲವಲ್ಲ! 1999ರ ಫೆಬ್ರವರಿ, ದೆಹಲಿಯ ಫಿರೋಜ್ ಷಾ ಕೋಟ್ಲಾ, ಪಾಕಿಸ್ತಾನ ವಿರುದ್ಧ ಟೆಸ್ಟ್. ಕುಂಬ್ಳೆಗೆ ಒಂಬತ್ತು ವಿಕೆಟ್ ಆಗಿತ್ತು. ಇನ್ನೊಂದು ತುದಿಯಲ್ಲಿ ಶ್ರೀನಾಥ್ ಚೆಂಡನ್ನು ಆಫ್‌ಸ್ಟಂಪ್‌ನಿಂದ ಆಚೆ ಆಚೆ ಎಸೆದರು, ವಿಕೆಟ್ ಬೀಳದ ಹಾಗೆ. ಆಮೇಲೆ ಅಕ್ರಂ ವಿಕೆಟ್ ಸಿಕ್ಕಿ ಕುಂಬ್ಳೆಗೆ 74 ರನ್‌ಗೆ 10. ಈಗ ಹೇಳಿ, ಬೇಕೆಂದೇ ವಿಕೆಟ್ ತೆಗೆಯದಿರುವುದು ಧರ್ಮವೋ ಅಧರ್ಮವೋ?

ಪಿಟಿ_ಮೇಷ್ಟ್ರು
ಗೆಳೆಯನಿಗಾಗಿ ತನ್ನ ಲೆಕ್ಕದ ವಿಕೆಟ್ ಬಿಟ್ಟರು. ಎದುರಾಳಿಗೆ ಏನೂ ಮೋಸ ಆಗಲಿಲ್ಲ. ಧರ್ಮವೇ.

ನೇರ_ಮಾತು
ಟೀಮ್ ಬೇಗ ಗೆಲ್ಲುವುದನ್ನು ಬಿಟ್ಟು ಒಬ್ಬನ ದಾಖಲೆಗಾಗಿ ಆಡುವುದು ಧರ್ಮನಾ? ಒಂದು ವೇಳೆ ಪಾಕಿಸ್ತಾನ ಗೆಲ್ಲುವ ಹತ್ತಿರ ಇದ್ದಿದ್ದರೆ?

ಒಂಟಿಕೊಪ್ಪಲ್_ಹುಡುಗ
ನಾವು ಗೆದ್ದಿದ್ದು 212 ರನ್‌ನಲ್ಲಿ. ಹತ್ತಿರ ಎಲ್ಲಿಂದ ಬಂತು?

ನೇರ_ಮಾತು
ಹಾಗಾದರೆ ನಿಮ್ಮ ಧರ್ಮ ಸ್ಕೋರ್‌ಬೋರ್ಡ್ ನೋಡಿಕೊಂಡು ನಡೆಯುತ್ತೆ. ಗೆಲುವು ಗ್ಯಾರಂಟಿ ಇದ್ದಾಗ ಉದಾರ, ಕೊನೇ ರೈಡ್ ಸಮ ಇದ್ದಾಗ ಬೇರೆ. ಅದಕ್ಕೇ ಹೇಳಿದ್ದು, ಆ ಹುಡುಗಿ ಮಾಡಿದ್ದು ನಿಜವಾಗಿಯೂ ಕಷ್ಟದ್ದು.

ಸಾವಿರ_ಮೆಟ್ಟಿಲು
ಅಯ್ಯೋ, ನೇರ_ಮಾತು ಅವರೇ, ನೀವು ಬೆಳಗ್ಗೆಯಿಂದ ಬ್ರಾಡ್ ಪರ ವಾದ ಮಾಡುತ್ತಿದ್ದಿರಲ್ಲ!

ನೇರ_ಮಾತು
ನಾನು ಯಾರ ಪರವೂ ಇಲ್ಲ ಮೇಡಂ. ಸುಲಭದ ಮಾತು ಕೇಳಿದರೆ ಮೈ ಉರಿಯುತ್ತೆ, ಅಷ್ಟೇ.

ಗೋಕುಲಂ_ಮೂರನೇ_ಹಂತ
ನಮ್ಮ ಬೀದಿಯಲ್ಲಿ ವರ್ಷವಿಡೀ ವಿದೇಶದವರು ಯೋಗದ ಚಾಪೆ ಹೆಗಲಿಗೆ ಹಾಕಿಕೊಂಡು ಓಡಾಡುತ್ತಾರೆ. ಎಳನೀರು ಅಂಗಡಿಯವನಿಗೆ ನಾಲ್ಕು ಭಾಷೆ ಬಂದಿದೆ. ಪಟ್ಟಾಭಿ ಜೋಯಿಸರ ಕಾಲದಿಂದ ಇದು ನಡೆದುಬಂದಿದೆ. ಅವರ ಗುರು ಕೃಷ್ಣಮಾಚಾರ್ಯರು ನಾಲ್ವಡಿಯವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಪಾಠ ಹೇಳುತ್ತಿದ್ದರು. 2020ರಲ್ಲಿ ಕೇಂದ್ರ ಸರ್ಕಾರ ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆ ಎಂದು ಒಪ್ಪಿತು. ಈಗ ಮಕ್ಕಳು ಅಂಕಕ್ಕಾಗಿ ಬೆನ್ನು ಬಗ್ಗಿಸುತ್ತಾರೆ, ಪದಕ ಬರಲಿಲ್ಲ ಎಂದು ಶವಾಸನದಲ್ಲೇ ಅಳುತ್ತಾರೆ. ಇದನ್ನು ಏನೆಂದು ಕರೆಯಬೇಕು?

ಪ್ರಶ್ನೆ_ಮಾಡು
ಮನಶ್ಶಾಂತಿಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತಾರಂತೆ?

ಜೋಡೆತ್ತು
ನಮ್ಮ ಕಡೆ ಎತ್ತಿನಗಾಡಿ ಓಟದ ಬಗ್ಗೆಯೂ ಮಾತಾಡಿ. ಎತ್ತಿಗೆ ಪೂಜೆ ಮಾಡಿ, ಕೊಂಬಿಗೆ ಬಣ್ಣ ಹಚ್ಚಿ, ಆಮೇಲೆ ಕೋಲಿನ ತುದಿಗೆ ಮೊಳೆ ಕಟ್ಟಿ ಚುಚ್ಚುವವರನ್ನು ನೋಡಿದ್ದೇನೆ. ನಾನೂ ಎತ್ತು ಕಟ್ಟಿದವನೇ. 2014ರಲ್ಲಿ ಸುಪ್ರೀಂ ಕೋರ್ಟ್ ಓಟ ನಿಲ್ಲಿಸಿದಾಗ ಹೊಟ್ಟೆ ಉರಿದಿತ್ತು. ಕರ್ನಾಟಕ ಕಾನೂನು ತಿದ್ದಿತು, 2023ರ ಮೇನಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಖುಷಿಯಾಯಿತು. ಆದರೆ ಕೋರ್ಟ್ ಬಿಟ್ಟಿದ್ದು ಓಟವನ್ನು, ಮೊಳೆಯನ್ನಲ್ಲ. ಎತ್ತು ಕೈ ಎತ್ತಿ 'ನನಗೆ ಚುಚ್ಚಿದರು' ಎಂದು ಹೇಳುವುದಿಲ್ಲವಲ್ಲ.

ನೇರ_ಮಾತು
ಚುಚ್ಚದೆ ಓಡಿಸುವವರೂ ಇದ್ದಾರೆ. ಎಲ್ಲರನ್ನೂ ಸೇರಿಸಬೇಡಿ.

ಜೋಡೆತ್ತು
ಇದ್ದಾರೆ. ಅವರು ಕೊನೆಗೆ ಬರುತ್ತಾರೆ.

ನಿರ್ವಾಹಕ
ಎತ್ತಿನಗಾಡಿ ಓಟಕ್ಕೆ ಬೇರೆ ಚರ್ಚೆ ಶುರು ಮಾಡಿ. ಹಿಂದೊಮ್ಮೆ ಅದೇ ವಿಷಯಕ್ಕೆ ಇಲ್ಲಿ ಜಗಳ ಆಗಿದೆ.

ಮೈಲಿಗಲ್ಲು
ಸ್ಪೇನ್‌ನಲ್ಲಿ ಓಟಗಾರನೊಬ್ಬ ಮುಂದಿದ್ದ ಕೀನ್ಯಾದವನನ್ನು ಹಿಂದೆ ಹಾಕದೆ ಗೆರೆ ದಾಟಿಸಿದ ಕಥೆ ಇದೆಯಲ್ಲ, ಅದು ವಾಟ್ಸಾಪ್ ಕಥೆನಾ ನಿಜನಾ?

ಪಿಟಿ_ಮೇಷ್ಟ್ರು
ನಿಜ. 2012ರ ಡಿಸೆಂಬರ್, ನವಾರಾದ ಬುರ್ಲಾಡಾ ಎಂಬ ಊರು, ಕ್ರಾಸ್ ಕಂಟ್ರಿ ಓಟ. ಮುಂದಿದ್ದ ಅಬೆಲ್ ಮುತಾಯ್ ಗೆರೆ ದಾಟಿದೆ ಎಂದುಕೊಂಡು ಸ್ವಲ್ಪ ಮುಂಚೆಯೇ ನಿಧಾನವಾದ. ಹಿಂದಿದ್ದ ಇವಾನ್ ಫೆರ್ನಾಂಡಿಸ್ ಅನಾಯಾ ಅವನನ್ನು ದಾಟಿ ಹೋಗಬಹುದಿತ್ತು. ಹೋಗದೆ, ಕೈಸನ್ನೆ ಮಾಡಿ ಅವನನ್ನೇ ಮುಂದೆ ಕಳಿಸಿದ. ವಾಟ್ಸಾಪ್‌ನವರು ಇದನ್ನು ಒಲಿಂಪಿಕ್ಸ್ ಮಾಡಿಬಿಟ್ಟಿದ್ದಾರೆ, ಅಷ್ಟೇ. ಮುತಾಯ್ ಅದೇ ವರ್ಷ ಲಂಡನ್‌ನಲ್ಲಿ ಸ್ಟೀಪಲ್‌ಚೇಸ್ ಕಂಚು ಗೆದ್ದಿದ್ದ, ಅದು ಬೇರೆ.

ಮಾಜಿ_ರೈಡರ್
ಅವನು ಒಬ್ಬನೇ ಓಡುತ್ತಿದ್ದ. ಅವನ ಹಿಂದೆ ಆರು ಜನ ಇರಲಿಲ್ಲ. ನಾನು ಮತ್ತೆ ಅಲ್ಲಿಗೇ ಬರುತ್ತೇನೆ.

ಕಬ್ಬಿನ_ಗದ್ದೆ ಸರ್, ಒಂದು ಕೆಲಸ ಮಾಡಿ. ಆ ಆರು ಹುಡುಗಿಯರನ್ನು ಮನೆಗೆ ಕರೆಯಿರಿ, ಅಪ್ಪ ಅಮ್ಮ ಜೊತೆ ಬೇಡ. ಉಪದೇಶ ಮಾಡಬೇಡಿ. ಊಟ ಹಾಕಿ. ಮಗಳು ಅವರ ಹತ್ತಿರ ತಾನೇ ಮಾತಾಡಲಿ. ಕೈ ಎತ್ತಿದ್ದಕ್ಕೆ ಕ್ಷಮೆ ಕೇಳುವುದು ಬೇಡ. ನಿಮಗೆ ಬೇಜಾರಾಗಿದೆ ಅಂತ ನನಗೆ ಗೊತ್ತು ಎಂದರೆ ಸಾಕು. ಹುಡುಗಿಯರು ಕೋಚ್‌ನಷ್ಟು ಕಲ್ಲಲ್ಲ.

ಕಬ್ಬಿನ_ಗದ್ದೆ
ಭಾನುವಾರ ಕರೆಯುತ್ತೇನೆ ಮೇಡಂ. ಈ ಮಾತು ನನಗೆ ಹೊಳೆದಿರಲಿಲ್ಲ. ಎದುರಾಳಿ ಟೀಮಿನ ಆ ರೈಡರ್ ಹುಡುಗಿ ಯಾರದೋ ಫೋನಿಂದ ಮೆಸೇಜ್ ಕಳಿಸಿದ್ದಾಳೆ, "ನೀನು ನಮ್ಮೂರ ಟೀಮಿಗೆ ಬಾ" ಎಂದು. ಮಗಳು ಬೆಳಗ್ಗೆಯಿಂದ ಅದನ್ನೇ ಓದಿಕೊಂಡು ಕೂತಿದ್ದಾಳೆ.

ಕೋಚ್ ಟೀಮಿನಿಂದ ತೆಗೆದರೆ ಶಾಲೆ ಕಡೆಯಿಂದ ಆಡಲು ತೊಂದರೆ ಆಗುತ್ತಾ?

ಪಿಟಿ_ಮೇಷ್ಟ್ರು
ಏನೂ ಆಗಲ್ಲ. ಊರಿನ ಕ್ಲಬ್ ಬೇರೆ, ಶಾಲಾ ಕ್ರೀಡಾಕೂಟ ಬೇರೆ. ಶಾಲೆ ಟೀಮ್ ಮಾಡುವವರು ನಿಮ್ಮ ಪಿಟಿ ಮೇಷ್ಟ್ರು, ಸಹಿ ಹಾಕುವವರು ಹೆಡ್‌ಮಾಸ್ಟರ್. ತಾಲ್ಲೂಕು ಗೆದ್ದರೆ ಜಿಲ್ಲೆ, ಜಿಲ್ಲೆ ಆದ ಮೇಲೆ ವಿಭಾಗ, ಆಮೇಲೆ ರಾಜ್ಯ. ಜನನ ಪ್ರಮಾಣ ಪತ್ರ, ಆಧಾರ್ ಎರಡರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇದೆಯಾ ಈಗಲೇ ನೋಡಿಕೊಳ್ಳಿ. ಕೊನೇ ಗಳಿಗೆಯಲ್ಲಿ ಇನಿಷಿಯಲ್ ತಪ್ಪಿದೆ ಎಂದು ವಾಪಸ್ ಕಳಿಸಿದ ಮಕ್ಕಳು ಎಷ್ಟೋ. ಮೇಲಿನ ಹಂತದಲ್ಲಿ ಮ್ಯಾಟ್ ಮೇಲೆ ಆಡಿಸುತ್ತಾರೆ, ಶೂ ಬೇಕಾಗುತ್ತೆ. ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವರಿಗೆ ಮ್ಯಾಟ್ ಮೇಲೆ ಮೊದಮೊದಲು ಕಾಲು ಹಿಡಿದ ಹಾಗಾಗುತ್ತೆ. ಸ್ವಲ್ಪ ಮುಂಚೆಯೇ ಅಭ್ಯಾಸ ಮಾಡಿಸಿ.

ಮಾಜಿ_ರೈಡರ್
ಶೂ ತೆಗೆದುಕೊಳ್ಳುವಾಗ ಒಂದು ಸೈಜ್ ದೊಡ್ಡದು ಬೇಡ. ಮನೆಯವರು 'ಮುಂದಿನ ವರ್ಷಕ್ಕೂ ಆಗುತ್ತೆ' ಎನ್ನುತ್ತಾರೆ, ಕೇಳಬೇಡಿ. ಕಾರ್ನರ್ ಆಡುವವರಿಗೆ ಶೂ ಒಳಗೆ ಕಾಲು ಜಾರಿದರೆ ಪಾದ ಉಳುಕುತ್ತೆ.